ನೂರು ಅಂಕದೊಳಗೆ ಆರು ಶಾಸ್ತ್ರ: ಹೈಸ್ಕೂಲಿನ ಸಮಾಜ ವಿಜ್ಞಾನವನ್ನು ಬಿಡಿಸಿ ನೋಡಿದಾಗ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಅಡ್ಡರಸ್ತೆಗಳಲ್ಲಿ ಟ್ಯೂಷನ್ ಬೋರ್ಡುಗಳಿಗೆ ಬರವಿಲ್ಲ. ಗಣಿತ ಇದೆ, ವಿಜ್ಞಾನ ಇದೆ, ಈಚೆಗೆ ಕೋಡಿಂಗ್ ಕೂಡ ಸೇರಿಕೊಂಡಿದೆ. ಸಮಾಜ ವಿಜ್ಞಾನಕ್ಕೆಂದೇ ನೇತುಹಾಕಿದ ಬೋರ್ಡನ್ನು ಮಾತ್ರ ಹುಡುಕಬೇಕು. ಅದನ್ನು ಓದಿಕೊಂಡರೆ ಬರುತ್ತದೆ, ಹೇಳಿಕೊಡುವುದಕ್ಕೆ ಅದರಲ್ಲಿ ಏನಿದೆ ಎಂಬುದು ಮನೆಮನೆಯ ಮಾತು. ಇಸವಿ ಬಾಯಿಪಾಠ ಮಾಡು, ಗೈಡ್ ತಿರುವಿ ಹಾಕು, ನಕ್ಷೆ ಬರೆದು ಅಭ್ಯಾಸ ಮಾಡು, ಮುಗಿಯಿತು.

ಮೂರು ವರ್ಷ ಹೀಗೆ ಓದಿದ ಮಗು ಹತ್ತನೇ ತರಗತಿ ಮುಗಿಸಿ ಪಿಯು ಕಾಲೇಜಿನ ಅರ್ಜಿ ಕೈಗೆತ್ತಿಕೊಳ್ಳುತ್ತದೆ. ಅಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ‘ಎಚ್‌ಇಪಿಎಸ್’ ಎಂಬ ನಾಲ್ಕು ಅಕ್ಷರ ಕಾಣುತ್ತದೆ. ಆ ನಾಲ್ಕೂ ತಾನು ಈಗಾಗಲೇ ಓದಿದ ವಿಷಯಗಳೇ ಎಂದು ಮಗುವಿಗೂ ಹೊಳೆಯುವುದಿಲ್ಲ, ಜೊತೆಗೆ ಬಂದ ಅಪ್ಪ ಅಮ್ಮನಿಗೂ ಹೊಳೆಯುವುದಿಲ್ಲ. ಸಮಾಜ ವಿಜ್ಞಾನವೆಂದರೆ ಒಂದೇ ವಿಷಯ ಎಂದು ನಾವೆಲ್ಲ ಬಗೆದಿರುವುದರಿಂದ ಆದ ತೊಡಕು ಇದು. ಅದು ಒಂದೇ ಹಗ್ಗದಲ್ಲಿ ಬಿಗಿದ ಸೌದೆಯ ಹೊರೆ. ಹಗ್ಗ ಬಿಚ್ಚಿದರೆ ಆರು ಬೇರೆ ಬೇರೆ ಶಾಸ್ತ್ರಗಳು ಸಿಗುತ್ತವೆ. ಯಾವುದು ತನಗೆ ಹಿಡಿಸಿತು ಎಂದು ಹೈಸ್ಕೂಲಿನಲ್ಲೇ ಗುರುತಿಸಿಕೊಂಡವರಿಗೆ ಮುಂದಿನ ಆಯ್ಕೆ ಸಲೀಸು.

ಮೊದಲು ಲೆಕ್ಕ. ರಾಜ್ಯ ಪಠ್ಯಕ್ರಮದ 8, 9 ಮತ್ತು 10ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳಿವೆ. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಈ ಆರಕ್ಕೂ ಸೇರಿ 100. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಸಿಬಿಎಸ್‌ಇ ಶಾಲೆಗಳಲ್ಲಿ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಂಬ ನಾಲ್ಕೇ ವಿಭಾಗ. ಐಸಿಎಸ್‌ಇಯಲ್ಲಿ ಇತಿಹಾಸ ಮತ್ತು ಪೌರನೀತಿಗೆ ಒಂದು ಪತ್ರಿಕೆ, ಭೂಗೋಳಕ್ಕೆ ಇನ್ನೊಂದು. ಹೈಸ್ಕೂಲಿನಲ್ಲೇ ಸಮಾಜಶಾಸ್ತ್ರವನ್ನು ಆ ಹೆಸರಿನಲ್ಲೇ ಓದಿಸುವುದು ನಮ್ಮ ರಾಜ್ಯ ಪಠ್ಯಕ್ರಮದ ವಿಶೇಷ. ಖಾಸಗಿ ಶಾಲೆಗೆ ದುಡ್ಡು ಸುರಿಯುವವರು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಮೂರು ವರ್ಷಗಳ ಜೋಡಣೆಯಲ್ಲೂ ಒಂದು ಕ್ರಮವಿದೆ. ಎಂಟನೆಯ ತರಗತಿಯ ಭೂಗೋಳ ಇಡೀ ಭೂಮಿಯದು: ಶಿಲಾಗೋಳ, ವಾಯುಗೋಳ, ಜಲಗೋಳ. ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ. ಇತಿಹಾಸ ಪ್ರಾಚೀನ ಕಾಲದಿಂದ ಹೊರಟು ಹತ್ತನೆಯ ತರಗತಿಗೆ ಯುರೋಪಿಯನ್ನರ ಆಗಮನ, ಬ್ರಿಟಿಷ್ ಆಳ್ವಿಕೆ, ಸ್ವಾತಂತ್ರ್ಯ ಹೋರಾಟಕ್ಕೆ ಬಂದು ಮುಟ್ಟುತ್ತದೆ. ಸಂವಿಧಾನ ಮತ್ತು ಸರ್ಕಾರಗಳ ರಚನೆ ಒಂಬತ್ತರಲ್ಲಿ ಬರುತ್ತದೆ. ಹತ್ತರಲ್ಲಿ ಜೋರಾಗಿ ಓದಿ, ಒಂಬತ್ತನ್ನು ಹಾಗೆಯೇ ದಾಟಿದವರು ಪಿಯುಸಿಯ ರಾಜ್ಯಶಾಸ್ತ್ರದಲ್ಲಿ ತಡವರಿಸುವುದಕ್ಕೆ ಇದೇ ಕಾರಣ.

ಈ ಆರೂ ಶಾಸ್ತ್ರಗಳು ಒಂದೇ ವಸ್ತುವನ್ನು ನೋಡಿದರೂ ಬೇರೆ ಬೇರೆ ಪ್ರಶ್ನೆ ಕೇಳುತ್ತವೆ. ಮಂಡ್ಯದ ಮಕ್ಕಳಿಗೆ ಇದನ್ನು ತೋರಿಸಲು ದೂರ ಹೋಗಬೇಕಿಲ್ಲ, ವಿಶ್ವೇಶ್ವರಯ್ಯ ನಾಲೆಯೇ ಸಾಕು.

ಭೂಗೋಳ ಕೇಳುವುದು: ಈ ನೀರು ಎಲ್ಲಿಂದ ಬಂತು, ಏಕೆ ಇಲ್ಲಿಗೇ ಬರಬೇಕಾಯಿತು? ನೈಋತ್ಯ ಮಾನ್ಸೂನ್ ತನ್ನ ಬಹುಪಾಲು ನೀರನ್ನು ಪಶ್ಚಿಮ ಘಟ್ಟದ ಮೇಲೆ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಮೋಡ ಬಡವಾಗಿರುತ್ತದೆ. ಮಂಡ್ಯ ಇರುವುದು ಆ ಮಳೆ ನೆರಳಿನಲ್ಲಿ. ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಇಳಿದು, ಹೇಮಾವತಿ ಮತ್ತು ಲಕ್ಷ್ಮಣತೀರ್ಥವನ್ನು ಕೂಡಿಕೊಂಡು ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕೆಆರ್‌ಎಸ್‌ನಲ್ಲಿ, ನಿಲ್ಲುತ್ತದೆ. ಅಲ್ಲಿಂದ ಹುಲಿಕೆರೆಯ ಸುರಂಗ ಹಾಯ್ದು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹರಿಯುತ್ತದೆ. ಮಡಿಕೇರಿಯಲ್ಲಿ ಜೋರು ಮಳೆ ಎಂಬ ಸುದ್ದಿ ಕೇಳಿ ಮದ್ದೂರಿನ ರೈತ ಹಿಗ್ಗುವುದು ಏಕೆಂದು ಈಗ ತಿಳಿಯುತ್ತದೆ.

ಭೂಗೋಳದಲ್ಲಿ ಲೆಕ್ಕವೂ ಉಂಟು. ಮಳೆಗಾಲದಲ್ಲಿ ಮೈಸೂರಿನ ಪತ್ರಿಕೆಗಳ ಮೂಲೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟದ ಪುಟ್ಟ ಪಟ್ಟಿ ಅಚ್ಚಾಗುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.452 ಟಿಎಂಸಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ದೊಡ್ಡವರು ಅಡಿಯನ್ನಷ್ಟೇ ಓದಿ ಪುಟ ತಿರುವುತ್ತಾರೆ. ಉಳಿದ ಅಂಕಿಗಳನ್ನು ಹತ್ತನೆಯ ತರಗತಿಯ ಮಗು ಬಿಡಿಸಬಲ್ಲದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ದಿನಕ್ಕೆ 86,400 ಸೆಕೆಂಡು. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ 11,574 ಬರುತ್ತದೆ. ಇಷ್ಟು ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 30,000 ಕ್ಯೂಸೆಕ್ ಎಂದು ಪತ್ರಿಕೆ ಬರೆದರೆ, ಕಟ್ಟೆಗೆ ದಿನಕ್ಕೆ ಎರಡೂವರೆ ಟಿಎಂಸಿಗಿಂತ ಸ್ವಲ್ಪ ಹೆಚ್ಚು ನೀರು ಸೇರುತ್ತಿದೆ ಎಂದರ್ಥ. ಕಾವೇರಿ ಗಲಾಟೆಯ ದಿನಗಳಲ್ಲಿ ಟಿವಿಯಲ್ಲಿ ಕೂಗಾಡುವವರಲ್ಲಿ ಎಷ್ಟು ಮಂದಿಗೆ ಈ ಭಾಗಾಕಾರ ಗೊತ್ತೋ!

ಇತಿಹಾಸದ ಪ್ರಶ್ನೆ ಬೇರೆ: ಇದು ಯಾವಾಗ ಆಯಿತು, ಯಾರು ಮಾಡಿದರು, ಅದಕ್ಕೆ ಸಾಕ್ಷ್ಯವೇನು? 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಮೂವತ್ತರ ದಶಕದ ಆರಂಭದ ಹೊತ್ತಿಗೆ ಕಟ್ಟೆ ಪೂರ್ಣವಾಯಿತು. ನಾಲೆಗೆ ಆಗ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದಿದ್ದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು. ಇಸವಿಗಳನ್ನು ಉರು ಹೊಡೆಯುವವರಿಗೆ ಇವು ಪಟ್ಟಿಗೆ ಸೇರುವ ಇನ್ನಷ್ಟು ಅಂಕಿಗಳು. ಇತಿಹಾಸ ಓದುವವರು ಸಾಲಿನಲ್ಲಿಟ್ಟು ನೋಡುತ್ತಾರೆ: ನೀರು, ಕಬ್ಬು, ಕಾರ್ಖಾನೆ, ಜಿಲ್ಲೆ. ಒಂದಾದ ಮೇಲೊಂದು ಬಂತು ನಿಜ; ಒಂದರಿಂದಲೇ ಇನ್ನೊಂದು ಬಂತು ಎನ್ನಲು ಆಧಾರ ಸಾಕೇ? ಮುಳುಗಡೆಯಾದ ಹಳೆಯ ಕನ್ನಂಬಾಡಿಯವರು ಎಲ್ಲಿಗೆ ಹೋದರು? ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದ್ದಾರೆ. ಅದನ್ನು ನೋಡಲು ಹೋದ ಮಕ್ಕಳಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿದರೆ ಪ್ರವಾಸದ ಖರ್ಚು ವಸೂಲಾದಂತೆ.

ಸಾಕ್ಷ್ಯ ಎಂಬುದು ಎಷ್ಟು ವಿಚಿತ್ರವಾದ ಮೂಲೆಯಿಂದ ಬರಬಹುದು ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಉದಾಹರಣೆ. ಅದು ಕ್ರಿ.ಶ. 949-50ರ ವೀರಗಲ್ಲು, ‘ಕಾಳಿ’ ಎಂಬ ನಾಯಿಯ ಹೆಸರಿನಲ್ಲಿ ನೆಟ್ಟದ್ದು. ಗಂಗರ ಬೂತುಗನ ಕೈಕೆಳಗಿದ್ದ ಮಣಲೇರ ಯುದ್ಧದಲ್ಲಿ ಮೆರೆದದ್ದಕ್ಕೆ ದೊರೆ ವರ ಕೇಳೆಂದಾಗ, ಅವನು ಈ ನಾಯಿಯನ್ನು ಬೇಡಿ ಪಡೆದ. ಮುಂದೆ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿದ ಕಾಳಿಯೂ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಶಾಸನದಲ್ಲೇ, ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧದ ವಿವರವೂ ಇದೆ. ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧಕ್ಕೆ ಬೇಟೆನಾಯಿಯ ಸಮಾಧಿ ಕಲ್ಲು ಆಧಾರವಾದದ್ದು ಹೀಗೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರ ಮುಂದಿನ ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಸುಮ್ಮನಾಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಇತಿಹಾಸದ ಮೇಲಿನ ಮುನಿಸು ಅರ್ಧ ಇಳಿಯುತ್ತದೆ.

ನಾಲೆಗೆ ನೀರು ಬಿಡುವ ನಿರ್ಧಾರ ಯಾರದು? ಇಲ್ಲಿಂದ ರಾಜ್ಯಶಾಸ್ತ್ರ ಶುರು. ಸಂವಿಧಾನದ ರಾಜ್ಯಪಟ್ಟಿಯಲ್ಲಿ ನೀರು, ನೀರಾವರಿ, ನಾಲೆಗಳಿವೆ. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣದ ವಿಷಯ ಕೇಂದ್ರಪಟ್ಟಿಯಲ್ಲಿದೆ. ಕಾವೇರಿ ಹರಿಯುವುದು ಈ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ. 1892ರಲ್ಲಿ ಮತ್ತು 1924ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವೆ ಒಪ್ಪಂದಗಳಾದವು. ಸ್ವಾತಂತ್ರ್ಯದ ನಂತರ ಸಂವಿಧಾನದ 262ನೇ ವಿಧಿಯ ಆಧಾರದ ಮೇಲೆ 1956ರಲ್ಲಿ ಅಂತರರಾಜ್ಯ ಜಲವಿವಾದ ಕಾಯ್ದೆ ಬಂತು. ಅದರಡಿ 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಗಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು ವರ್ಷಕ್ಕೆ 177.25 ಟಿಎಂಸಿ ಎಂದಾಯಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ರಚನೆಯಾಯಿತು. ಒಕ್ಕೂಟ ವ್ಯವಸ್ಥೆ, ನ್ಯಾಯಾಂಗದ ಅಧಿಕಾರ, ಕೇಂದ್ರ ರಾಜ್ಯ ಸಂಬಂಧ: ಪಠ್ಯದಲ್ಲಿ ಒಣಗಿದಂತೆ ಕಾಣುವ ಮೂರು ಪಾಠಗಳು ಈ ಒಂದು ವಿವಾದದೊಳಗೆ ಒದ್ದೆಯಾಗಿ ಕುಳಿತಿವೆ.

ರಾಜ್ಯಶಾಸ್ತ್ರಕ್ಕೆ ಮೈಸೂರಿನ ನಂಟು ಹಳೆಯದು. ದಿವಾನ್ ರಂಗಾಚಾರ್ಲು 1881ರಲ್ಲಿ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಹೆಸರಿನಲ್ಲಿ ಅರ್ಥಶಾಸ್ತ್ರ ಇದ್ದರೂ ಅದರ ಬಹುಪಾಲು ರಾಜ್ಯಾಡಳಿತದ ಸಂಗತಿ.

ನೀರು ಗದ್ದೆಗೆ ಬಂದ ಮೇಲೆ ಏನು ಬೆಳೆಯಬೇಕು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಅಷ್ಟು ಕಾಲ ಆ ನೆಲದಲ್ಲಿ ಭತ್ತವಿಲ್ಲ, ರಾಗಿಯಿಲ್ಲ. ಹೀಗೆ ಕೈಬಿಟ್ಟ ಬೆಳೆಯಿಂದ ಬರಬಹುದಾಗಿದ್ದ ಆದಾಯವನ್ನೂ ಕಬ್ಬಿನ ಖರ್ಚಿಗೇ ಸೇರಿಸಬೇಕು. ಪಿಯುಸಿಯಲ್ಲಿ ಇದನ್ನು ಅವಕಾಶ ವೆಚ್ಚ ಎಂದು ಕಲಿಸುತ್ತಾರೆ. ಕಾರ್ಖಾನೆ ಕೊಡಬೇಕಾದ ಕನಿಷ್ಠ ಬೆಲೆಯನ್ನು, ಅಂದರೆ ಎಫ್‌ಆರ್‌ಪಿಯನ್ನು, ಕೇಂದ್ರ ಸರ್ಕಾರ ಹಂಗಾಮಿಗೊಮ್ಮೆ ಗೊತ್ತುಮಾಡುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಬಾಕಿ ಹಣಕ್ಕಾಗಿ ರೈತರು ಧರಣಿ ಕೂತ ಸುದ್ದಿ ಓದಿದಾಗ ಈ ಎರಡು ಅಂಕಿ ನೆನಪಿರಲಿ. ಕಾರ್ಖಾನೆಯ ದಾರಿ ಕಾಯಲಾರದವರು ಆಲೆಮನೆಗೆ ಕೊಡುತ್ತಾರೆ. ದರ ಕಡಿಮೆಯಾದರೂ ಕೈಗೆ ಬೇಗ ದುಡ್ಡು ಸಿಗುವ ದಾರಿಯನ್ನು ಜನ ಏಕೆ ಹಿಡಿಯುತ್ತಾರೆ ಎಂಬುದು ಒಳ್ಳೆಯ ಅರ್ಥಶಾಸ್ತ್ರದ ಪ್ರಶ್ನೆ. ಅದಕ್ಕೆ ಗೈಡಿನಲ್ಲಿ ಉತ್ತರವಿಲ್ಲ.

ಸಮಾಜಶಾಸ್ತ್ರಕ್ಕೆ ಬರೋಣ. ಆರರಲ್ಲಿ ಮಕ್ಕಳು ಅತಿ ಹಗುರವಾಗಿ ನೋಡುವ ವಿಭಾಗ ಇದು, ನಮ್ಮ ಸೀಮೆಗೆ ಅತಿ ಹತ್ತಿರದ್ದೂ ಇದೇ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ, ಅಲ್ಲಿನ ಜನಜೀವನವನ್ನು ‘ರಾಂಪುರ’ ಎಂಬ ಬದಲಿ ಹೆಸರಿನಲ್ಲಿ ದಾಖಲಿಸಿದರು. ಹಳ್ಳಿಯಲ್ಲಿ ಜಮೀನು, ಸಂಖ್ಯೆ, ಪ್ರಭಾವ ಮೂರೂ ಒಂದೇ ಜಾತಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ವಿವರಿಸುವ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಅವರು ಕಟ್ಟಿದ್ದು ಆ ಹಳ್ಳಿಯ ಅನುಭವದ ಮೇಲೆ. ಜಗತ್ತಿನ ಸಮಾಜಶಾಸ್ತ್ರಜ್ಞರು ಬಳಸುವ ಮಾತು ನಮ್ಮ ಪಕ್ಕದ ಊರಿನ ಜಗಲಿಯಲ್ಲಿ ರೂಪುಗೊಂಡಿತು.

ನಮ್ಮ ನಾಲೆಯ ಕಥೆಗೆ ನೇರವಾಗಿ ಸೇರುವುದು ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಅಧ್ಯಯನ. ಐವತ್ತರ ದಶಕದಲ್ಲಿ ಅವರು ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು ಆರಿಸಿಕೊಂಡು, ವಂಗಳ ಮತ್ತು ದಲೇನ ಎಂಬ ಬದಲಿ ಹೆಸರು ಕೊಟ್ಟರು. ಒಂದಕ್ಕೆ ನಾಲೆಯ ನೀರು ಹರಿದಿತ್ತು. ಇನ್ನೊಂದರ ನೆಲ ಎತ್ತರದಲ್ಲಿದ್ದುದರಿಂದ ಖುಷ್ಕಿಯಾಗಿಯೇ ಉಳಿದಿತ್ತು. ನೀರು ಬಂದ ಊರೇ ಹೆಚ್ಚು ಬದಲಾಗಿರುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಅವರು ಕಂಡದ್ದು ಬೇರೆ. ನೀರಾವರಿಯ ವಂಗಳದಲ್ಲಿ ಕಬ್ಬು ಬಂತು, ದುಡ್ಡು ಬಂತು. ಆದರೂ ಬೇಸಾಯವೇ ಕಸುಬಾಗಿ ಉಳಿದು, ಒಡೆಯ ಆಳು, ಜಾತಿ ಜಾತಿಗಳ ನಡುವಿನ ಹಳೆಯ ಕಟ್ಟುಪಾಡುಗಳು ಬಹುಮಟ್ಟಿಗೆ ಹಾಗೆಯೇ ನಿಂತವು. ನೀರು ಸಿಗದ ದಲೇನದವರು ಪಟ್ಟಣದತ್ತ ಮುಖ ಮಾಡಿದರು: ಕಾರ್ಖಾನೆ ಕೆಲಸ, ಸರ್ಕಾರಿ ನೌಕರಿ, ವ್ಯಾಪಾರ, ಬೇರೆಡೆ ಜಮೀನು. ಹಳೆಯ ಸಂಬಂಧಗಳು ಹೆಚ್ಚು ಸಡಿಲವಾದದ್ದು ಅಲ್ಲಿ. ಇಂದಿನ ವಿದ್ಯಾರ್ಥಿಗಳು ತಮ್ಮ ಊರಿನ ನಾಲೆ ಕೆಳಗಿನ ಮತ್ತು ನಾಲೆ ಮೇಲಿನ ಮನೆಗಳನ್ನು ಹೋಲಿಸಿ ನೋಡಿದರೆ ಆಂತರಿಕ ಮೌಲ್ಯಮಾಪನಕ್ಕೆ ಒಂದು ಯೋಜನೆ ಸಿದ್ಧವಾಗುತ್ತದೆ. ಅಂಗಡಿಯಲ್ಲಿ ಚಾರ್ಟು ಕೊಂಡು ಅಂಟಿಸುವುದಕ್ಕಿಂತ ಕಷ್ಟ, ಆದರೆ ತಮ್ಮದೇ.

ವ್ಯವಹಾರ ಅಧ್ಯಯನದ ಬಗ್ಗೆ ಬಹಳ ಹೇಳಬೇಕಿಲ್ಲ. ಬ್ಯಾಂಕ್ ಖಾತೆ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ. ಮನೆಯ ಪಾಸ್‌ಬುಕ್ ಮುಂದಿಟ್ಟುಕೊಂಡು ಓದಿದರೆ ಒಂದು ಸಂಜೆಗೆ ಅರ್ಥವಾಗುತ್ತದೆ.

ಪರೀಕ್ಷೆಯ ಉತ್ತರಗಳಲ್ಲೂ ಈ ಭೇದ ಕೆಲಸಕ್ಕೆ ಬರುತ್ತದೆ. ಬಹಳಷ್ಟು ಮಕ್ಕಳು ಆರಕ್ಕೂ ಒಂದೇ ಧಾಟಿಯಲ್ಲಿ ಬರೆಯುತ್ತಾರೆ: ಚುಕ್ಕೆ ಇಟ್ಟು ನಾಲ್ಕು ಸಾಲು. ಇತಿಹಾಸದ ಉತ್ತರಕ್ಕೆ ಕಾರಣ ಮತ್ತು ಪರಿಣಾಮಗಳ ಸರಣಿ ಬೇಕು. ಭೂಗೋಳಕ್ಕೆ ಜಾಗ ಮತ್ತು ಕಾರಣ ಎರಡೂ ಬೇಕು. ಕಪ್ಪು ಮಣ್ಣು ಎಲ್ಲಿದೆ ಎಂದರೆ ಸಾಲದು, ಅಲ್ಲೇ ಏಕೆ ಎನ್ನಬೇಕು. ರಾಜ್ಯಶಾಸ್ತ್ರಕ್ಕೆ ಸಂಸ್ಥೆಯ ಹೆಸರು, ಅದರ ಅಧಿಕಾರ, ಆ ಅಧಿಕಾರದ ಮಿತಿ. ಹತ್ತನೆಯ ತರಗತಿಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಐದು ಅಂಕದ ಪ್ರಶ್ನೆಯನ್ನು ಹೆದರಿ ಬಿಡುವವರು ಇದ್ದಾರೆ. ದಿನಕ್ಕೊಂದರಂತೆ ತಿಂಗಳು ಕಾಲ ಹೊರರೇಖೆ ಬರೆದವರಿಗೆ ಅದು ಕೈತಪ್ಪುವುದಿಲ್ಲ.

ಎಂಟನೆಯ ತರಗತಿಯ ಮಕ್ಕಳಿಗೆ ಇನ್ನೊಂದು ಲಾಭವಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯವರು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ವಿಜ್ಞಾನ, ಗಣಿತದ ಜೊತೆಗೆ ಸಮಾಜ ವಿಜ್ಞಾನವೂ ಇದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ.

ಇನ್ನು ಪಿಯುಸಿ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ತಲಾ ನೂರರಂತೆ 600 ಅಂಕ. ಎಚ್‌ಇಪಿಎಸ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಕೊನೆಯ ಅಕ್ಷರ ಬದಲಾಗಿ ಭೂಗೋಳವೋ ಐಚ್ಛಿಕ ಕನ್ನಡವೋ ಬರುವ ಸಂಯೋಜನೆಗಳಿವೆ. ಮನಃಶಾಸ್ತ್ರ, ಶಿಕ್ಷಣಶಾಸ್ತ್ರ, ತರ್ಕಶಾಸ್ತ್ರಗಳೂ ಪಟ್ಟಿಯಲ್ಲಿವೆ. ಇವು ಹೈಸ್ಕೂಲಿನಲ್ಲಿ ಕಾಣದ ಹೊಸಬರು. ಭೂಗೋಳ ಮತ್ತು ಮನಃಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ವಾಣಿಜ್ಯ ವಿಭಾಗದ ಎಚ್‌ಇಬಿಎ ತೆಗೆದುಕೊಂಡವರಿಗೆ ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ‘ಕಾಮರ್ಸ್ ತೆಗೆದುಕೊಂಡರೆ ಇತಿಹಾಸ ಇಲ್ಲ’ ಎಂದು ಹೇಳುವವರ ಮಾತನ್ನು ಹಾಗೆಯೇ ನಂಬಬೇಡಿ.

ಕಲಾ ವಿಭಾಗವೆಂದರೆ ಅಂಕ ಕಡಿಮೆ ಬಂದವರ ಜಾಗ ಎಂಬ ಮಾತಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಹಾಗೆಂದು ಕಷ್ಟಗಳನ್ನು ಮುಚ್ಚಿಡುವುದೂ ಸರಿಯಲ್ಲ. ವಿಜ್ಞಾನ ಓದಿದವರು ಮುಂದೆ ಬಿ.ಎ.ಗೆ ಬರಬಹುದು, ಕಲಾ ವಿಭಾಗದಿಂದ ಎಂಜಿನಿಯರಿಂಗ್‌ಗಾಗಲಿ ವಿಜ್ಞಾನ ವಿಷಯಗಳ ಬಿ.ಎಸ್ಸಿ.ಗಾಗಲಿ ದಾಟುವುದು ಬಹಳ ಕಷ್ಟ. ಅರ್ಥಶಾಸ್ತ್ರದಲ್ಲೇ ದೂರ ಹೋಗಬೇಕೆಂದಿರುವ ಮಗುವಿಗೆ ಗಣಿತ ಬಿಡುವುದು ದುಬಾರಿಯಾದೀತು. ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಹನ್ನೆರಡನೆಯ ತರಗತಿಯ ಗಣಿತ ಕೇಳುತ್ತಾರೆ. ಅಂಥವರು ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರವೋ ಮೂಲ ಗಣಿತವೋ ಇರುವ ಸಂಯೋಜನೆಯನ್ನು ಮೊದಲೇ ವಿಚಾರಿಸಬೇಕು. ಸಂಖ್ಯಾಶಾಸ್ತ್ರವನ್ನೋ ಮೂಲ ಗಣಿತವನ್ನೋ ಗಣಿತವೆಂದು ಒಪ್ಪುತ್ತಾರೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ನಿಯಮದಲ್ಲಿ ನೋಡಿಯೇ ಮುಂದುವರಿಯಬೇಕು. ಐದು ವರ್ಷದ ಕಾನೂನು ಪದವಿಗೆ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಿಎಲ್‌ಎಟಿ ಪರೀಕ್ಷೆಗೆ ಯಾವ ವಿಭಾಗವಾದರೂ ಆಗುತ್ತದೆ. ಕೆಎಎಸ್, ಐಎಎಸ್ ಪರೀಕ್ಷೆಗಳಿಗೆ ಬೇಕಾದದ್ದು ಯಾವುದಾದರೊಂದು ಪದವಿ. ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆ ತೆರೆದರೆ ಹೈಸ್ಕೂಲಿನ ಇದೇ ವಿಭಾಗಗಳು ಎದುರಾಗುತ್ತವೆ.

ಕಾಲೇಜು ಆರಿಸುವಾಗ ಕಟ್ಟಡದ ಬಣ್ಣ ನೋಡುವ ಬದಲು ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿ. ಕೈಪಿಡಿಯಲ್ಲಿ ಅಚ್ಚಾದ ಸಂಯೋಜನೆಗಳಲ್ಲಿ ಈ ವರ್ಷ ನಿಜವಾಗಿ ತರಗತಿ ನಡೆಯುವುದು ಯಾವುದಕ್ಕೆ? ಆ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಇಲ್ಲ ಅತಿಥಿ ಉಪನ್ಯಾಸಕರು ಬರುವ ತನಕ ಕಾಯಬೇಕೇ? ಭೂಗೋಳ ಬೇಕೆಂದವರು ಪ್ರಯೋಗಾಲಯದ ಬಾಗಿಲು ತೆರೆಸಿ ನೋಡಲಿ: ಗೋಡೆಯಲ್ಲಿ ಸ್ಥಳಾಕೃತಿ ನಕ್ಷೆಗಳಿವೆಯೇ, ಮಳೆಮಾಪಕ ಇದೆಯೇ, ಅದನ್ನು ಕೊನೆಯ ಬಾರಿ ಯಾವಾಗ ಹೊರಗೆ ಇಟ್ಟಿದ್ದರು?